ಎಪ್ಪತ್ತೊಂಬತ್ತರ ಪಾಳಿ

ಹೆಂಡತಿಯ ವಿಷಯದಲ್ಲಿ ಗಂಡನಿಗೆ ಹೊಟ್ಟೆಕಿಚ್ಚು ಹುಟ್ಟಬೇಕಾದರೆ ನಡುವೆ ಇನ್ನೊಬ್ಬ ಗಂಡಸು ಬರಬೇಕು ಎಂಬುದು ಲೋಕರೂಢಿ. ನನಗೆ ಹುಟ್ಟಿದ್ದು ಪಕ್ಕದ ಮನೆಯ ಹೆಂಗಸಿನ ಮೇಲೆ, ಅದೂ ಭಾಗಾಕಾರದ ದೆಸೆಯಿಂದ. ಈಗ ಮುಂಬಯಿ ಪಕ್ಕದ ಠಾಣೆ ಊರಿನ ವರ್ತಕ ನಗರದ ಮನೆಯಲ್ಲಿ, ಐವತ್ತರ ಹೊಸ್ತಿಲ ಹತ್ತಿರ ಕೂತು ಬರೆಯುವಾಗಲೂ ಆ ಕಿಚ್ಚು ಪೂರ್ತಿ ಆರಿದೆ ಎಂದು ಆಣೆ ಮಾಡಿ ಹೇಳಲಾರೆ. ಬೂದಿ ಕೆದಕಿದರೆ ಇನ್ನೂ ಬೆಚ್ಚಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವು ಡೊಂಬಿವಲಿ ಪೂರ್ವದ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿದ್ದೆವು. ಆರು ಮನೆ, ಉದ್ದಕ್ಕೂ ಒಂದು ಗ್ಯಾಲರಿ, ಗ್ಯಾಲರಿಯ ತುದಿಗೆ ಆರೂ ಮನೆಗೆ ಸೇರಿ ಒಂದೇ ನಳ. ನಾನು ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಸಹಾಯಕ. ಯಾವ ವಾರ ಯಾವ ಬಣ್ಣ ತಯಾರಾಗುತ್ತಿದೆ ಎಂಬುದನ್ನು ನನ್ನ ಉಗುರು ನೋಡಿ ಚಾಳಿನವರು ಹೇಳುತ್ತಿದ್ದರು.

ಚಿಂತೆ ನನ್ನ ಹುಟ್ಟುಗುಣ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡಿ, ಮತ್ತೆ ಇಳಿದು, ಜಗ್ಗಿದಾಗಲೇ ಸಡಿಲಾಯಿತೇನೋ ಎಂದು ಮೂರನೆಯ ಸಲ ಹತ್ತುವವರ ಪೈಕಿ. ಸಂಖ್ಯೆಗಳು ಮಾತ್ರ ನನಗೆ ಚಿಂತೆ ಹಚ್ಚುತ್ತಿರಲಿಲ್ಲ. ಏಳು ಎಂಟಲಿ ಐವತ್ತಾರು ನಿನ್ನೆಯೂ ಹೌದು, ನಾಳೆಯೂ ಹೌದು, ಜಗ್ಗಿ ನೋಡಬೇಕಾಗಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಠಾಣೆಯ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಅವಿಭಾಜ್ಯ ಸಂಖ್ಯೆಗಳ ವಿಷಯ ಹೇಳಿದ್ದೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆಗಳು: ಎರಡು, ಮೂರು, ಐದು, ಏಳು, ಹನ್ನೊಂದು. ಅವಕ್ಕೆ ಕೊನೆಯೇ ಇಲ್ಲ ಎಂದು ಧ್ವನಿ ಇಳಿಸಿ ಹೇಳಿದೆ, ಗುಟ್ಟು ಹೇಳುವ ಹಾಗೆ. ಅವಳು "ಹೂಂ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಸ್ಟೋ ಆರಿಸಿ ಬಂದೀವಲ್ರೀ?" ಎಂದಳು. ಆ ಮೇಲೆ ನನಗೂ ಸಂಖ್ಯೆಗಿಂತ ಸ್ಟೋದ ಚಿಂತೆಯೇ ಹೆಚ್ಚಾಗಿ, ಇಬ್ಬರೂ ಸಿಕ್ಕ ಮೊದಲ ಲೋಕಲ್ ರೈಲು ಹಿಡಿದು ತಿರುಗಿ ಬಂದೆವು. ಹನ್ನೆರಡು ವರ್ಷದಲ್ಲಿ ಆ ವಿಷಯ ಮತ್ತೆ ಏಳಲಿಲ್ಲ.

ಮನೆಯಲ್ಲಿ ಇಲ್ಲದ ಮರ್ಯಾದೆ ಗ್ಯಾಲರಿಯಲ್ಲಿತ್ತು. ನಳಕ್ಕೆ ನೀರು ಬರುವುದು ಬೆಳಗಿನ ಐದರಿಂದ ಆರೂವರೆ. ಯಾರು ಮೊದಲು, ಯಾರು ಆಮೇಲೆ ಎಂದು ದಿನಾ ಜಗಳ. ಅದಕ್ಕೆ ನಾನೊಂದು ಪಾಳಿಯ ಪಟ್ಟಿ ಮಾಡಿದ್ದೆ: ಇವತ್ತು ಮೊದಲು ತುಂಬಿಕೊಂಡ ಮನೆ ನಾಳೆ ಕೊನೆಗೆ, ಉಳಿದವರು ಒಂದೊಂದು ಸ್ಥಾನ ಮುಂದೆ. ಆರು ದಿನಕ್ಕೆ ಎಲ್ಲರಿಗೂ ಎಲ್ಲ ಸ್ಥಾನವೂ ಸಿಗುತ್ತದೆ. ಜಗಳ ನಿಂತು ಮೂರು ವರ್ಷವಾಗಿತ್ತು. ಗಂಡಸರು ನನ್ನನ್ನು "ಲೆಕ್ಕದವರು" ಎನ್ನುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ನಮ್ಮ ಎಡಗಡೆಯ ಮನೆಗೆ ಉಡುಪಿ ಕಡೆಯ ದಂಪತಿ ಬಂದರು. ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರು, ಬೆಳಗಾಗುವ ಮೊದಲೇ ಹೋದರೆ ಸಂಜೆಗೇ ಬರುವವರು. ಹೆಂಡತಿ ಊರಲ್ಲಿ ಮೂರು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ, ಮದುವೆಯಾದ ಮೇಲೆ ಬಿಟ್ಟು ಬಂದವರು. ಬಂದ ಹತ್ತನೆಯ ದಿನ ಬೆಳಿಗ್ಗೆ, ನಳದ ಮುಂದೆ ಆರೂ ಮನೆಯವರು ಕೊಡ ಬಕೆಟು ಹಿಡಿದು ನಿಂತಿರುವಾಗ, ಅವರು ನನ್ನನ್ನು ಕರೆದರು.

"ರಾಯರೆ, ಈ ಪಟ್ಟಿ ಮಾಡಿದ್ದು ನೀವಂತೆ ಅಲ್ವಾ?"

"ಹೌದ್ರಿ" ಎಂದೆ. ಹೊಗಳಿಕೆ ಬರುತ್ತದೆಂದು ಮುಖ ಸಿದ್ಧ ಮಾಡಿಕೊಂಡೆ.

"ಭಾರೀ ಚಂದ ಉಂಟು. ಆದ್ರೆ ನಾನು ಯಾವಾಗ್ಲೂ ಅಜ್ಜಿಯ ಬೆನ್ನ ಹಿಂದೆಯೇ ಅಲ್ವಾ ಮಾರಾಯ್ರೆ?"

ಅಜ್ಜಿ ಎಂದರೆ ಅವರ ಆಚೆ ಮನೆಯ ಮರಾಠಿ ಅಜ್ಜಿ. ಅವರದು ದೊಡ್ಡ ಸಂಸಾರ, ಮೂರು ಪಿಂಪು ನೀರು. ಪಿಂಪೆಂದರೆ ಒಬ್ಬ ಮನುಷ್ಯ ಒಳಗೆ ಕೂತು ಸ್ನಾನ ಮಾಡಬಹುದಾದ ಡ್ರಮ್ಮು. ಅವರ ಹಿಂದೆ ನಿಂತವರಿಗೆ ನಳದಲ್ಲಿ ನೂಲಿನಂಥ ಧಾರೆ.

"ದಿನಾ ಒಂದೊಂದು ಸ್ಥಾನ ಸರೀತದಲ್ರಿ" ಎಂದು ನಾನು ತೊದಲಿದೆ.

"ನಾನು ಸರಿಯುವಾಗ ಅಜ್ಜಿಯೂ ಸರಿಯುತ್ತಾರಲ್ಲ! ಆರು ದಿನದಲ್ಲಿ ಐದು ದಿನ ಅವರು ಮುಂದೆ, ನಾನು ಹಿಂದೆ. ನೀವು ಸ್ಥಾನ ನೋಡಿದ್ರಿ, ಸಾಲು ನೋಡಲಿಲ್ಲ."

ಹೌದು. ಮೂರು ವರ್ಷ ಆ ಪಟ್ಟಿಯನ್ನು ದಿನಾ ನೋಡಿಯೂ ನನಗೆ ಅದು ಹೊಳೆದಿರಲಿಲ್ಲ. ಆ ಮನೆಯಲ್ಲಿ ಮೊದಲಿದ್ದವನು ಒಂದು ಬಕೆಟ್ಟಿನ ಬ್ರಹ್ಮಚಾರಿ, ಅವನು ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದರಿಂದ ನನಗೆ ಕಾಣಲಿಲ್ಲವೆಂದು ತಿಳಿದಳು.

ಆ ಹೆಂಗಸು ಅಲ್ಲೇ ನಿಂತು ಪರಿಹಾರವನ್ನೂ ಹೇಳಿದರು. ಆರು ಮನೆಗಳನ್ನು ಎಷ್ಟು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಬಹುದೋ ಅಷ್ಟನ್ನೂ ಒಂದೊಂದು ದಿನ ನಿಲ್ಲಿಸುವುದು. ಮೊದಲ ಸ್ಥಾನಕ್ಕೆ ಆರು ಮನೆ, ಎರಡನೆಯದಕ್ಕೆ ಉಳಿದ ಐದು, ಹೀಗೆ ಆರು ಐದಲಿ ಮೂವತ್ತು, ನಾಲ್ಕಲಿ ನೂರಿಪ್ಪತ್ತು, ಮೂರಲಿ ಮುನ್ನೂರ ಅರವತ್ತು, ಎರಡಲಿ ಏಳುನೂರ ಇಪ್ಪತ್ತು. "ಏಳುನೂರ ಇಪ್ಪತ್ತು ದಿನ ಒಂದು ಸಾಲು ಇನ್ನೊಮ್ಮೆ ಬರುವುದಿಲ್ಲ. ಎರಡು ವರ್ಷಕ್ಕೆ ಹತ್ತೇ ದಿನ ಕಮ್ಮಿ" ಎಂದರು.

"ಏಳನೇ ಮನಿ ಬಂದ್ರ?" ಅದು ನನ್ನ ಹೆಂಡತಿಯ ಧ್ವನಿ. ನಾನು ತಿರುಗಿ ನೋಡಿದೆ.

"ಐದು ಸಾವಿರದ ನಲವತ್ತು ದಿನ. ಹದಿನಾಲ್ಕು ವರ್ಷಕ್ಕೆ ಹತ್ತಿರ ಹತ್ತಿರ."

"ಅಯ್ಯ, ರಾಮ ವನವಾಸ ಮುಗಿಸಿ ಬರೂತನಕ! ಎಂಟನೇದು?"

"ನೂರ ಹತ್ತು ವರ್ಷ, ಮಾರಾಯ್ತಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೊಂದು ಮನೆ ಹೆಚ್ಚಾದ ಹಾಗೆ ಹುಚ್ಚು ಹೊಳೆಯಂತೆ ಏರುವ ಈ ಗುಣಾಕಾರಕ್ಕೆ ಫ್ಯಾಕ್ಟೋರಿಯಲ್ ಎನ್ನುತ್ತಾರೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಕೆಟ್ಟು ತುಂಬಿ ಹರಿಯುತ್ತಿದೆ ಎಂದು ಯಾರೋ ಬೈದರು.

ಅಂದಿನಿಂದ ನನ್ನ ಪಟ್ಟಿ ಹೋಯಿತು. ನಮ್ಮ ಮತ್ತು ಅವರ ಬಾಗಿಲುಗಳ ನಡುವಿನ ಗೋಡೆಗೆ ಒಂದು ದೊಡ್ಡ ಸ್ಲೇಟು ಬಂತು. ಅದರ ಮೇಲೆ ನಾಳೆಯ ಸಾಲನ್ನು ಪಕ್ಕದ ಮನೆಯವರು ಬರೆಯುವುದು. ಅದು ಹೋಗಲಿ. ಹೆಂಡತಿ ಮಧ್ಯಾಹ್ನ ಅಕ್ಕಿ ಆರಿಸುವ ಮೊರ ಹಿಡಿದು "ಅಕ್ಕಾರ" ಎನ್ನುತ್ತ ಅವರ ಬಾಗಿಲಿಗೆ ಹೋಗಿ ಕೂಡತೊಡಗಿದಳು. ಮೊದಲ ಪಾಳಿ ಮುಗಿಸಿ ಮೂರೂವರೆಗೆ ನಾನು ಬಂದರೆ, ಅಡುಗೆಮನೆಯಲ್ಲಿ ಚಹಾದ ಬದಲು ಗ್ಯಾಲರಿಯಲ್ಲಿ ಮಗ್ಗಿ ಕೇಳುತ್ತಿತ್ತು.

ಸಂಕ್ರಾಂತಿಯ ಮೇಲೆ ಹೆಂಗಸರ ಅರಿಶಿನ ಕುಂಕುಮದ ದಿನಗಳು. ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಇಬ್ಬರೂ ಎಳ್ಳುಂಡೆ ಕಟ್ಟುತ್ತಿದ್ದರು. ನಾನು ಒಳಗೆ ಪೇಪರಿನ ಹಿಂದೆ ಕೂತಿದ್ದೆ. ಪೇಪರು ಓದುತ್ತಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

"ಒಂದು ಆಟ ಮಾಡುವ" ಎಂದರು ಅಕ್ಕಾರು. "ಒಂದು ಮನೆಗೆ ಒಂದೇ ಸಾಲು. ಎರಡಕ್ಕೆ ಎರಡು. ಮೂರಕ್ಕೆ ಆರು. ನಾಲ್ಕಕ್ಕೆ ಇಪ್ಪತ್ತನಾಲ್ಕು. ಪ್ರತೀ ಸಲ ಹಿಂದಿನ ಉತ್ತರ ಕಳೆಯುತ್ತ ಹೋಗಿ ನೋಡುವ, ಎಂತ ಬರ್ತದೆ ಅಂತ."

ಎರಡರಲ್ಲಿ ಒಂದು ಕಳೆದರೆ ಒಂದು. ಆರರಲ್ಲಿ ಆ ಒಂದು ಕಳೆದರೆ ಐದು. ಇಪ್ಪತ್ತನಾಲ್ಕರಲ್ಲಿ ಐದು ಕಳೆದರೆ ಹತ್ತೊಂಬತ್ತು. ನೂರಿಪ್ಪತ್ತರಲ್ಲಿ ಹತ್ತೊಂಬತ್ತು ಕಳೆದರೆ ನೂರ ಒಂದು. ಹೆಂಡತಿ ಬಾಯಲ್ಲೇ ಕಳೆಯುತ್ತ ಉಂಡೆಗಳನ್ನು ತಾಟಿನಲ್ಲಿ ಜೋಡಿಸುತ್ತಿದ್ದವಳು ತಟ್ಟನೆ ನಿಂತಳು.

"ಅಕ್ಕಾರ, ಇದೊಂದು ನೋಡ್ರಿ. ಐದು ಉಂಡಿ ಸಮಾ ಸಾಲಿನಾಗ ಕೂಡೂದಿಲ್ಲ. ಹತ್ತೊಂಬತ್ತೂ ಕೂಡೂದಿಲ್ಲ, ಮೂರು ಸಾಲು ಮಾಡಿದ್ರ ಒಂದು ಉಳೀತದ, ನಾಕು ಮಾಡಿದ್ರ ಮೂರು ಉಳೀತಾವ. ನೂರಾ ಒಂದೂ ಅಂಥಾದ್ದ ಏನು ಮತ್ತ?"

ಹನ್ನೆರಡು ವರ್ಷದ ಹಿಂದೆ ಕೆರೆಯ ದಂಡೆಯಲ್ಲಿ ನಾನು ಕೊಟ್ಟಾಗ ಬೇಡವಾದದ್ದನ್ನು ಇವತ್ತು ತಾನೇ ಕಂಡುಹಿಡಿದು ಇನ್ನೊಬ್ಬರ ಕೈಯಲ್ಲಿ ಇಡುತ್ತಿದ್ದಾಳೆ! ಆ ಹೊತ್ತಿನ ಅವಳ ಮುಖ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಕಣ್ಣು ಅಗಲ, ತುಟಿ ಅರ್ಧ ತೆರೆದು, ಮೂಗಿನ ಮೇಲೆ ಒಂದು ಎಳ್ಳು. ಆ ಮುಖ ಒಂದು ಸಲ ನನ್ನ ಕಡೆ ತಿರುಗಬೇಕು. ಅದಷ್ಟೇ ನನಗೆ ಬೇಕಾದದ್ದು. ಅದು ತಿರುಗಲಿಲ್ಲ.

ಮುಂದಿನ ದಿನಗಳಲ್ಲಿ ಅವರು ಆರುನೂರ ಹತ್ತೊಂಬತ್ತನ್ನು ನೋಡಿದರು, ನಾಲ್ಕು ಸಾವಿರದ ನಾನೂರ ಇಪ್ಪತ್ತೊಂದನ್ನು ನೋಡಿದರು, ಮೂವತ್ತೈದು ಸಾವಿರದ ಎಂಟುನೂರ ತೊಂಬತ್ತೊಂಬತ್ತನ್ನೂ ನೋಡಿದರು. ಎಲ್ಲವೂ ಅವಿಭಾಜ್ಯ. ರಥಸಪ್ತಮಿಯ ದಿನ ಒಂಬತ್ತನೆಯದನ್ನು ಸ್ಲೇಟಿನ ಹಿಂಬದಿಗೆ ದೊಡ್ಡದಾಗಿ ಬರೆದರು: 326981.

ಇದು ಹೆಚ್ಚು ಕೆಲಸ ಬೇಡುವ ಸಂಖ್ಯೆ. ಅಕ್ಕಾರು ವಿವರಿಸಿದ್ದು ನನ್ನ ಪೇಪರಿನ ತನಕ ಕೇಳಿಸಿತು. ಐನೂರ ಎಪ್ಪತ್ತೊಂದರ ತನಕದ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದು ಯಾವುದಾದರೂ ಹೋಗುವುದಿದ್ದರೆ ಅದರ ಜೋಡಿಯ ಸಣ್ಣದು ಮೊದಲೇ ಸಿಕ್ಕಿರುತ್ತದೆ. ಅಂಥವು ಒಟ್ಟು ನೂರ ಐದು. ದಿನಕ್ಕೆ ಎರಡು: ಒಂದು ನನ್ನ ಹೆಂಡತಿಗೆ, ಅದರ ಮುಂದಿನದು ಅಕ್ಕಾರಿಗೆ, ಮತ್ತೆ ಹೆಂಡತಿಗೆ. ನೂರರ ಒಳಗಿನ ಅವಿಭಾಜ್ಯಗಳನ್ನು ಸ್ಲೇಟಿನ ಹಿಂದೆ ಸಾಲಾಗಿ ಬರೆದಿಟ್ಟರು. ಮುಗಿದದ್ದರ ಶೇಷವನ್ನು ಒಂದು ನೋಟ್‌ಬುಕ್ಕಿಗೆ ಹಾಕುವುದು. ಒಂಬತ್ತನೆಯದೂ ಅವಿಭಾಜ್ಯವೇ ಆದರೆ ಯುಗಾದಿಯ ದಿನ ಎಲ್ಲರಿಗೂ ಹೋಳಿಗೆ ಎಂದು ಗ್ಯಾಲರಿಯಲ್ಲಿ ಸಾರಿಯೂ ಬಿಟ್ಟರು.

"ಹೋಗೂ ಸಂಖ್ಯಾ ಸಿಕ್ಕ್ರ?" ಎಂದು ನಾನು ಒಳಗಿನಿಂದಲೇ ಕೇಳಿದೆ.

"ಸಿಕ್ಕವರಿಗೆ ಎರಡು ಹೋಳಿಗೆ, ರಾಯರೆ" ಎಂದರು ಅವರು.

ನಮ್ಮ ಕಾರ್ಖಾನೆಯ ಹಿರಿಯ ಕೆಮಿಸ್ಟರ ಡ್ರಾವರಿನಲ್ಲಿ ಒಂದು ಕ್ಯಾಲ್ಕುಲೇಟರ್ ಇತ್ತು, ಕೆಂಪು ಅಂಕಿಗಳು ಹೊಳೆಯುವಂಥದು. ಊಟದ ಬಿಡುವಿನಲ್ಲಿ, ದ್ರಾವಣದ ಶೇಕಡಾ ನೋಡಬೇಕು ಎಂದು ಸುಳ್ಳು ಹೇಳಿ ಅದನ್ನು ಇಸಿದುಕೊಂಡೆ. ರಥಸಪ್ತಮಿ ಕಳೆದು ಇನ್ನೂ ಒಂದು ವಾರ. ಎರಡರಿಂದ ಶುರು ಮಾಡಿದೆ. ಇಪ್ಪತ್ತೆರಡನೆಯ ಸಲಕ್ಕೆ ಪುಟ್ಟ ಕಿಟಕಿಯಲ್ಲಿ ಬಿಂದುವಿನ ಹಿಂದೆ ಬಾಲವಿಲ್ಲದೆ ಒಂದು ಸಂಖ್ಯೆ ನಿಂತಿತು: 4139. ಭಾಗಿಸಿದ್ದು ಎಪ್ಪತ್ತೊಂಬತ್ತರಿಂದ. ಒಂಬತ್ತನೆಯದು ಒಡೆದುಹೋಗಿತ್ತು. ಅದು ಪಕ್ಕದ ಮನೆಯವರ ಆಟ, ಒಡೆದದ್ದು ನಾನು. ಮೇಜಿನ ಮೇಲೆ ಡಬ್ಬಿಯ ರೊಟ್ಟಿ ಆರಿ ಹೋಗಿತ್ತು, ನನಗೆ ಹಸಿವೇ ಇರಲಿಲ್ಲ.

ಈಗಲೇ ಹೋಗಿ ಹೇಳಲೇ? ಹೇಳಿದರೆ, ಮೆಶಿನ್ ಹೇಳಿದ್ದನ್ನು ನೀವು ಹೇಳಿದಿರಿ ಎನ್ನುತ್ತಾರೆ. ಸುಮ್ಮನಿರಲೇ? ಸುಮ್ಮನಿದ್ದರೆ ಇನ್ನು ಕೆಲವೇ ದಿನಕ್ಕೆ ಅವರಿಗೇ ಸಿಗುತ್ತದೆ. ಅವರಿಗೆ ಎಂದರೆ ಯಾರಿಗೆ? ಬೆರಳು ಮಡಚಿ ಎಣಿಸಿದೆ. ಎರಡು ಹೆಂಡತಿಗೆ, ಮೂರು ಅಕ್ಕಾರಿಗೆ, ಐದು ಹೆಂಡತಿಗೆ. ಸರಿಸಂಖ್ಯೆಯ ಸ್ಥಾನಗಳೆಲ್ಲ ಅಕ್ಕಾರಿಗೆ. ಎಪ್ಪತ್ತೊಂಬತ್ತು ಇಪ್ಪತ್ತೆರಡನೆಯದು. ಅಕ್ಕಾರಿಗೆ!

ನಾನು ಆ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ. ಪಟ್ಟಿಯೂ ಅವರದು, ಆಟವೂ ಅವರದು, ಕೊನೆಗೆ ಒಡೆಯುವ ಸುಖವೂ ಅವರದೇ ಆಗಬೇಕೇ? ಅವರು "ಸಿಕ್ಕಿತು" ಎಂದು ಕೂಗುತ್ತಾರೆ, ಇವಳು ಆ ಅಗಲ ಕಣ್ಣಿನ ಮುಖವನ್ನು ಮತ್ತೊಮ್ಮೆ ಅವರ ಕಡೆ ತಿರುಗಿಸುತ್ತಾಳೆ. ಬೇಡ. ಸಿಗುವುದಾದರೆ ಇವಳಿಗೇ ಸಿಗಲಿ. ಇವಳು ಮನೆಯಲ್ಲಿ ಭಾಗಿಸುವಾಗ ಎದುರಿಗೆ ಇರುವವನು ನಾನು. ಮೊದಲು ನೋಡುವ ಮುಖ ನನ್ನದೇ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ, ಎಲ್ಲರೂ ನಳದ ಹತ್ತಿರ ಇರುವಾಗ, ನಾನು ಸ್ಲೇಟು ತಿರುಗಿಸಿದೆ. ಅರವತ್ತೊಂದರ ತನಕ ಗೀಟು ಹೊಡೆದಿದ್ದರು. ಮುಂದಿನದು ಅರವತ್ತೇಳು, ಹೆಂಡತಿಯ ಪಾಲಿನದು. ಹೆಬ್ಬೆರಳಿಗೆ ನೀರು ಹಚ್ಚಿ ಅದನ್ನು ಒರೆಸಿಬಿಟ್ಟೆ. ಈಗ ಎಪ್ಪತ್ತೊಂದು ಹೆಂಡತಿಗೆ, ಎಪ್ಪತ್ತಮೂರು ಅಕ್ಕಾರಿಗೆ, ಎಪ್ಪತ್ತೊಂಬತ್ತು ಹೆಂಡತಿಗೆ. ಅರವತ್ತೇಳರಿಂದ ಭಾಗ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಯಾರಿಗೂ ಹಾನಿಯಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೂ ಕಾರ್ಖಾನೆ ಮುಟ್ಟುವ ತನಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡೇ ನಡೆದೆ.

ಮರುದಿನ ಮೂರೂವರೆಗೆ ಓಡುತ್ತ ಬಂದೆ. ಹೆಂಡತಿ ಕಿಟಕಿಯ ಹತ್ತಿರ ಕೂತು ಪೆನ್ಸಿಲ್ಲು ಚೂಪು ಮಾಡುತ್ತಿದ್ದಳು. "ಇವತ್ತ ಎಷ್ಟರದು?" ಎಂದೆ, ಗೊತ್ತಿಲ್ಲದವನ ಹಾಗೆ.

"ಎಪ್ಪತ್ತೊಂಬತ್ತು."

ನಾನು ಅವಳ ಹಿಂದೆ ನಿಂತೆ. ಮುನ್ನೂರ ಇಪ್ಪತ್ತಾರಕ್ಕೆ ನಾಲ್ಕು ಸಲ, ಉಳಿದದ್ದು ಹತ್ತು. ಒಂಬತ್ತು ಇಳಿಸಿದಳು, ನೂರ ಒಂಬತ್ತು, ಒಂದು ಸಲ, ಉಳಿದದ್ದು ಮೂವತ್ತು. ಸರಿ, ಸರಿ. ನನ್ನ ಉಸಿರು ಅವಳ ಕಿವಿಗೆ ತಾಕುತ್ತಿತ್ತೇನೋ.

"ಏನ್ರೀ ಹಂಗ ಮೈಮ್ಯಾಲ ಬೀಳ್ಲಿಕತ್ತೀರಿ?"

"ಏನಿಲ್ಲ. ಚಾ... ಚಾ ಬೇಕಾಗಿತ್ತು."

"ಮಾಡ್ತೀನಿ ತಡೀರಿ, ಇದೊಂದು ಮುಗಿಸ್ತೀನಿ."

"ಅವಸರಿಲ್ಲ, ಅವಸರಿಲ್ಲ. ಸಕ್ಕರಿ ಅದನೋ ಇಲ್ಲೋ ಅಂತ."

"ಅದ!" ಎಂದು ಅವಳು ರೇಗಿದಳು. ಮುನ್ನೂರ ಎಂಟರಲ್ಲಿ ಮೂರು ಸಲದ ಇನ್ನೂರ ಮೂವತ್ತೇಳನ್ನು ಕಳೆದು ಅರವತ್ತೊಂದು ಎಂದು ಬರೆದಳು. ಎಪ್ಪತ್ತೊಂದು ಆಗಬೇಕಿತ್ತು. ಕೊನೆಯ ಒಂದನ್ನು ಇಳಿಸಿ ಏಳು ಸಲ ಎಂದಳು, ಶೇಷ ಐವತ್ತೆಂಟು. ನೋಟ್‌ಬುಕ್ಕಿನಲ್ಲಿ ಎಪ್ಪತ್ತೊಂಬತ್ತರ ಮುಂದೆ ಐವತ್ತೆಂಟು ಎಂದು ಬರೆದು, ಎದ್ದು ಚಹಾಕ್ಕೆ ನೀರಿಟ್ಟಳು.

ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟೆ. ಮೆಲ್ಲಗೆ, "ಮತ್ತೊಮ್ಮೆ ನೋಡು, ಕಳಿಯೂದರಾಗ..." ಎಂದೆ.

"ನೀವು ನನ್ನ ತಲಿ ತಿನಬ್ಯಾಡ್ರಿ. ಅಕ್ಕಾರು ಒಂದು ಸಲಾನೂ ಹಿಂಗ ಬೆನ್ನಿಗೆ ನಿಂತು ನೋಡಿಲ್ಲ."

ಅಕ್ಕಾರು. ಹೇಳಬೇಕಿತ್ತು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ. ಒಂದು ಎಳೆ ಹಿಡಿದು ಜಗ್ಗಿದರೆ ಡ್ರಾವರು, ಸುಳ್ಳು, ಹೆಬ್ಬೆರಳು ಎಲ್ಲ ಬಿಚ್ಚಿಕೊಳ್ಳುತ್ತದೆ. ದಿನಗಳು ಹೋದವು. ಅವರು ಎಂಬತ್ತಮೂರು ದಾಟಿದರು, ನೂರು ದಾಟಿದರು, ಹೋಳಿಯ ಹೊತ್ತಿಗೆ ಮುನ್ನೂರ ಎಂಬತ್ತರ ಹತ್ತಿರ ಇದ್ದರು. ಸಿಗಬೇಕಾದದ್ದು ಹಿಂದೆಯೇ ಬಿದ್ದಿದೆ, ಇವರು ಮುಂದೆ ಮುಂದೆ ಹುಡುಕುತ್ತ ಹೋಗುತ್ತಿದ್ದಾರೆ. ದಿನಾ ಸಂಜೆ ಹೆಂಡತಿ, "ಇವತ್ತೂ ಹೋಗಲಿಲ್ಲ ನೋಡ್ರಿ!" ಎಂದು ಹಿಗ್ಗುವಳು. ನಾನು "ಹೂಂ" ಎನ್ನುವೆ. ಸ್ಟೋ ಆರಿಸಿದ್ದೇವೆಯೇ ಎಂದು ಕೇಳುವುದೊಂದು ಬಾಕಿ.

ಯುಗಾದಿಗೆ ಎರಡು ದಿನ ಇರುವಾಗ ಐನೂರ ಎಪ್ಪತ್ತೊಂದೂ ಮುಗಿಯಿತು. ಯಾವುದರಿಂದಲೂ ಹೋಗಲಿಲ್ಲ. ಹೋಳಿಗೆಗೆ ಕಡಲೆಬೇಳೆ ಆರಿಸುತ್ತ ಕೂತಿದ್ದ ಅಕ್ಕಾರು, ಸುಮ್ಮನೆ ಕೈಗೆ ಬಂತೆಂದು ನೋಟ್‌ಬುಕ್ಕು ತೆಗೆದು ಸಾಲು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಇದೆಂತ ಮಾರಾಯ್ತಿ? ನೂರರ ಒಳಗೆ ಇಪ್ಪತ್ತೈದು ಇರಬೇಕು, ಇಪ್ಪತ್ತನಾಲ್ಕೇ ಉಂಟು. ಅರವತ್ತೇಳು ಎಲ್ಲಿ?"

ಇಬ್ಬರೂ ಸ್ಲೇಟು ನೋಡಿದರು, ನೋಟ್‌ಬುಕ್ಕು ನೋಡಿದರು. "ಯಾರದೋ ಒದ್ದೆ ಸೆರಗು ತಾಗಿರಬೇಕು" ಎಂದರು ಅಕ್ಕಾರು. ಹೆಂಡತಿ ಅಲ್ಲೇ ಕೂತು ಅರವತ್ತೇಳರಿಂದ ಭಾಗಿಸಿದಳು. ಶೇಷ ಇಪ್ಪತ್ತೊಂದು. ಒಳಗೆ ನಾನು ಉಸಿರು ಬಿಟ್ಟೆ, ಬಿಟ್ಟದ್ದು ಬೇಗವಾಯಿತು.

"ಒಂದು ತಪ್ಪಿದ ಮೇಲೆ ಬಾಕಿಯದ್ದಕ್ಕೆ ಎಂತ ಗ್ಯಾರಂಟಿ? ಶಾಲೆಯಲ್ಲಿ ಮಾಡುವ ಹಾಗೆ ಮಾಡುವ. ನಿಮ್ಮದು ನಾನು ನೋಡ್ತೇನೆ, ನನ್ನದು ನೀವು ನೋಡಿ."

ಹೀಗೆ ಎಪ್ಪತ್ತೊಂಬತ್ತು, ನಾನು ಯಾರಿಗೆ ತಪ್ಪಿಸಿದ್ದೆನೋ ಅವರ ಕೈಗೇ ಹೋಯಿತು. ಮರುದಿನ ಮಧ್ಯಾಹ್ನ ಅವರು ನಮ್ಮ ಬಾಗಿಲಿಗೆ ಬಂದಾಗ ಕೂಗಲಿಲ್ಲ, ಕುಣಿಯಲಿಲ್ಲ. ನನ್ನ ಹೆಂಡತಿಯ ಪುಟವನ್ನು ಅವಳ ಮುಂದೆ ಇಟ್ಟು, "ಇಲ್ಲೊಮ್ಮೆ ನೋಡಿ" ಎಂದು ಕಳೆಯುವ ಜಾಗದಲ್ಲಿ ಬೆರಳಿಟ್ಟರು, ಅಷ್ಟೆ. ಹೆಂಡತಿ ನೋಡಿದಳು. ಅರವತ್ತೊಂದನ್ನು ಹೊಡೆದು ಎಪ್ಪತ್ತೊಂದು ಮಾಡಿದಳು. ಏಳುನೂರ ಹನ್ನೊಂದು, ಒಂಬತ್ತು ಸಲ, ಶೇಷ ಸೊನ್ನೆ. ಆ ಸೊನ್ನೆಯನ್ನು ಅವಳು ಬಹಳ ನಿಧಾನವಾಗಿ, ದುಂಡಗೆ ಬರೆದಳು.

"ಹೋತು! ಅಕ್ಕಾರ, ಹೋತು!" ಎಂದು ಅವಳೇ ಕೂಗಿದಳು. ತಾನು ತಪ್ಪಿದ್ದಕ್ಕೆ ಬೇಸರವಾಗುತ್ತದೆ ಎಂದು ನಾನು ಒಂದೂವರೆ ತಿಂಗಳು ಹೆದರಿದ್ದೆ. ಅವಳಿಗೆ ಅದರ ನೆನಪೇ ಇರಲಿಲ್ಲ. ಅಗಲ ಕಣ್ಣು, ಅರ್ಧ ತೆರೆದ ತುಟಿ. ನಾನು ಮೂರು ಅಡಿ ದೂರದಲ್ಲಿದ್ದೆ. ಮುಖ ಆ ಕಡೆಗೇ ತಿರುಗಿತ್ತು.

"ಅವತ್ತ ಇವರು ಚಾ ಚಾ ಅಂತ ಪ್ರಾಣ ತಿಂದ್ರು, ಅದಕ್ಕ ತಪ್ಪಿದ್ದು" ಎಂದಳು.

ಅಕ್ಕಾರು ಹೋದ ಮೇಲೆ ನನ್ನ ಬಾಯಿಂದ ತಾನಾಗಿ ಬಿತ್ತು. "ಅರವತ್ತೇಳು ನಾ ಅಳಿಸಿದ್ದು."

"ಯಾಕ?"

"ಎಪ್ಪತ್ತೊಂಬತ್ತು ನಿನ್ನ ಪಾಳಿಗೆ ಬರ್ಲಿ ಅಂತ."

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಒಂದು ಹೋದರೆ ಸಾಲು ಹೇಗೆ ಸರಿಯುತ್ತದೆ ಎಂಬುದನ್ನು ಈಗ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅದರಾಗ ಹೋಗ್ತದಂತ ನಿಮಗ ಹ್ಯಾಂಗ ಗೊತ್ತು?"

"ಕಾರ್ಖಾನಿ ಮೆಶಿನ್‌ದಾಗ ನೋಡಿದ್ದೆ."

"ಯಾವಾಗ?"

"ರಥಸಪ್ತಮಿ ಆದ ವಾರಕ್ಕ."

"ಅಂದ್ರ ನಾ ಇಷ್ಟು ದಿನ ಭಾಗಿಸೂದು ನೀವು ನೋಡ್ಕೋತ ಕೂತಿದ್ರಿ."

"ನೀ ನನಗ ತೋರಸ್ತೀ ಅಂತ ಮಾಡಿದ್ದೆ. ಅವರಿಗಿಂತ ಮೊದಲ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನನ್ನನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿ, ಕಾಲಿಗೆ ಚಪ್ಪಲಿ ಕೂಡ ಹಾಕದೆ ಸೀದಾ ಪಕ್ಕದ ಮನೆಗೆ ಹೋದಳು. ಗೋಡೆ ತೆಳುವಿತ್ತು. ಮೊದಲು ಅವಳ ಧ್ವನಿ ಗುಸುಗುಸು, ಆಮೇಲೆ "ಹೌದಾ!" ಎಂದು ಒಂದು ಧ್ವನಿ, ಆಮೇಲೆ ಇಬ್ಬರ ನಗು. ಅಷ್ಟು ಉದ್ದದ ನಗು ನಾನು ಆ ಚಾಳಿನಲ್ಲಿ ಕೇಳಿರಲಿಲ್ಲ. ನನ್ನ ಗುಟ್ಟನ್ನೂ ಅವಳು ಮೊದಲು ಅವರಿಗೇ ಒಯ್ದು ಕೊಟ್ಟಿದ್ದಳು.

ಯುಗಾದಿಯ ದಿನ ಹೋಳಿಗೆ ಆಯಿತು. ಎರಡು ಹೋಳಿಗೆ ಯಾರಿಗೆ ಸಲ್ಲಬೇಕು ಎಂದು ಗ್ಯಾಲರಿಯಲ್ಲಿ ಚರ್ಚೆಯಾಗಿ, ಅಜ್ಜಿ ಎರಡನ್ನೂ ತಾವೇ ತಿಂದು ತೀರ್ಪು ಕೊಟ್ಟರು. ಸಂಜೆ ಅಕ್ಕಾರು ನೋಟ್‌ಬುಕ್ಕಿನ ಹೊಸ ಪುಟ ತೆರೆದರು. ಹತ್ತನೆಯದು: 3301819.

"ಇದಕ್ಕೆ ಇನ್ನೂರ ಎಂಬತ್ತು ಭಾಗಾಕಾರ ಉಂಟು. ನಮ್ಮಿಬ್ಬರಿಂದ ಆಗುವುದಿಲ್ಲ. ರಾಯರೆ, ನಿಮಗೂ ಒಂದು ಪಾಲು. ಮೆಶಿನ್ ಇಲ್ಲ, ಹೆಬ್ಬೆರಳೂ ಇಲ್ಲ."

ನಾನು ತಲೆ ಕೆರೆದುಕೊಂಡು ಒಪ್ಪಿದೆ. ಹೆಂಡತಿ ನಿಯಮ ಹೇಳಿದಳು: "ನಂದು ಅಕ್ಕಾರು ತಿದ್ದತಾರ. ಅಕ್ಕಾರದು ನಾ ತಿದ್ದತೀನಿ."

"ನಂದು?"

"ನಿಮ್ಮದೂ ಅಕ್ಕಾರ ತಿದ್ದತಾರ."

ಎರಡು ಹೆಂಡತಿಗೆ, ಮೂರು ಅಕ್ಕಾರಿಗೆ, ಐದು ನನಗೆ. ಏಳು ಹೆಂಡತಿಗೆ, ಹನ್ನೊಂದು ಅಕ್ಕಾರಿಗೆ, ಹದಿಮೂರು ಮತ್ತೆ ನನಗೆ. ಕಾರ್ಖಾನೆಯಿಂದ ದಣಿದು ಬಂದು ಕೂತು ಭಾಗಿಸಿದೆ. ಐವತ್ತೊಂದರಲ್ಲಿ ಮೂವತ್ತೊಂಬತ್ತು ಕಳೆದು ಹನ್ನೊಂದು ಎಂದು ಬರೆದೆ. ಅದು ಪ್ರಾಮಾಣಿಕವಾದ ತಪ್ಪು. ನನ್ನ ಹಾಳೆ ಪಕ್ಕದ ಮನೆಗೆ ಹೋಗಿ, ಕೆಂಪು ಶಾಯಿಯಲ್ಲಿ "ಗಮನ ಸಾಲದು" ಎಂದು ಬರೆಸಿಕೊಂಡು ಹಿಂದೆ ಬಂತು.

ಹೆಂಡತಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. "ಲೆಕ್ಕದವರು ಎಲ್ಲಿ ಎಡವಿದ್ರು ನೋಡೂಣಂತ" ಎಂದು ನನ್ನ ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಗುವ ಹಾಗೆ ಕೂತು, ನನ್ನ ಭಾಗಾಕಾರವನ್ನು ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿದಳು. ತಪ್ಪಿನ ಹತ್ತಿರ ಬೆರಳು ನಿಂತಿತು. "ಅಯ್ಯ! ಹನ್ನೆರಡಲ್ರೀ!" ಎಂದು ತಲೆ ಎತ್ತಿ ನನ್ನ ಕಡೆ ನೋಡಿದಳು.

ಮರುದಿನ ಇಪ್ಪತ್ತಮೂರು ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಮಾಡಿದ ತಪ್ಪು ಬೇಕಂತಲೇ ಮಾಡಿದ್ದು.